ಮನೆಯೊಳಗೊಂದು ಹಗೇವು

ಮಕ್ಕಳೇ, ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲ ಬಂದಾಗ ಹಗೇವು ತೆಗೆದು ಮನೆಮಂದಿಯೆಲ್ಲ ಉಣ್ಣುತ್ತಿದ್ದರು. ಈ ಪಾಠದಲ್ಲಿ ನಾವು ಇನ್ನೊಂದು ಬಗೆಯ ಹಗೇವಿನ ವಿಷಯ ತಿಳಿಯೋಣ. ಇದರಲ್ಲಿ ಹಾಡು, ಮಾತು, ಚಿತ್ರ, ಬರಹಗಳನ್ನು ತುಂಬಿಡುತ್ತಾರೆ. ಇದನ್ನು ಕಟ್ಟಲು ಬೇಕಾದುದು ಮೂಲೆಯಲ್ಲಿ ಬಿದ್ದಿರುವ ಒಂದು ಹಳೆಯ ಕಂಪ್ಯೂಟರು.

ನಿಮ್ಮ ಮನೆಯಲ್ಲಿ ಅಪ್ಪನ ಬಳಿಯೋ ಅಕ್ಕನ ಬಳಿಯೋ ಒಂದು ಮೊಬೈಲ್ ಇದ್ದೀತು. ಅದರಲ್ಲಿ ತಂಗಿಯ ನಾಮಕರಣದ ಫೋಟೋ ಇದೆ. ಊರ ಜಾತ್ರೆಯ ವೀಡಿಯೋ ಇದೆ. ಅಜ್ಜಿ ಮದುವೆ ಮನೆಯಲ್ಲಿ ಹಾಡಿದ ಸೋಬಾನೆ ಪದವೂ ಇರಬಹುದು. ಸ್ವಲ್ಪ ದಿನಕ್ಕೆ ಮೊಬೈಲು 'ಜಾಗವಿಲ್ಲ' ಎನ್ನುತ್ತದೆ. ಆಗ ಏನನ್ನಾದರೂ ಅಳಿಸಬೇಕು. ಅಥವಾ ಒಂದು ದಿನ ಮೊಬೈಲು ನೀರಿನ ತೊಟ್ಟಿಗೆ ಬೀಳುತ್ತದೆ. ಫೋಟೋ ಮತ್ತೆ ತೆಗೆಯಬಹುದು, ಜಾತ್ರೆ ಮತ್ತೆ ಬರುತ್ತದೆ. ಅಜ್ಜಿಯ ಹಾಡನ್ನು ಎಲ್ಲಿಂದ ತರುವುದು?

ಇದು ನಮಗೆ ಬೇರೆಯವರಿಗಿಂತ ಹೆಚ್ಚಿನ ಚಿಂತೆಯಾಗಬೇಕು. ರಾಯದುರ್ಗದ ಕಡೆಯಲ್ಲಿ, ಮಡಕಶಿರಾದ ಅಗಳಿ, ರೊಳ್ಳ, ಅಮರಾಪುರದ ಕಡೆಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು. ಎರಡೂ ನಮ್ಮವೇ. ಇಲ್ಲಿನ ಅಜ್ಜಿಯರ ಕನ್ನಡ ಟೀವಿಯಲ್ಲಿ ಕೇಳಿಬರುವ ಕನ್ನಡಕ್ಕಿಂತ ಬೇರೆ. ಅವರ ಗಾದೆ, ಒಗಟು, ಬೀಸುವ ಪದಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅವು ಇರುವುದು ಅವರ ಬಾಯಲ್ಲಿ ಮಾತ್ರ. ಈಚೆಗೆ ಕೆಲವು ಮೊಬೈಲುಗಳಲ್ಲಿ.

ಈ ಹಗೇವಿಗೆ ಸರ್ವರ್ ಎಂದು ಹೆಸರು. ಹೋಟೆಲಿನಲ್ಲಿ ತಿಂಡಿ ತಂದುಕೊಡುವವರನ್ನೂ ನಾವು ಸರ್ವರ್ ಎನ್ನುತ್ತೇವೆ. ಎರಡೂ ಒಂದೇ ಪದ, ಒಂದೇ ಅರ್ಥ. ಗಿರಾಕಿ ಕುಳಿತು 'ಎರಡು ಇಡ್ಲಿ' ಎನ್ನುತ್ತಾನೆ. ಸರ್ವರ್ ಅಡುಗೆಮನೆಗೆ ಹೋಗಿ ಇಡ್ಲಿ ತರುತ್ತಾನೆ. ಅಲ್ಲಿ ಎಷ್ಟು ಪಾತ್ರೆಗಳಿವೆ, ಯಾವುದು ಎಲ್ಲಿದೆ ಎಂಬುದು ಗಿರಾಕಿಗೆ ತಿಳಿಯಬೇಕಾಗಿಲ್ಲ. ಹಾಗೆಯೇ ಅಕ್ಕನ ಮೊಬೈಲು 'ಅಜ್ಜಿಯ ಹಾಡು ಕೊಡು' ಎಂದು ಕೇಳುತ್ತದೆ. ಮೂಲೆಯಲ್ಲಿರುವ ಸರ್ವರ್ ಕಂಪ್ಯೂಟರು ತನ್ನ ಉಗ್ರಾಣದಿಂದ ಹುಡುಕಿ ಕೊಡುತ್ತದೆ. ಅದೇ ಹೊತ್ತಿಗೆ ಅಣ್ಣ ಫೋಟೋ ಕೇಳಿದರೆ ಅವನಿಗೂ ಕೊಡುತ್ತದೆ. ಗಿರಾಕಿ ಯಾವಾಗ ಬಂದರೂ ಸರ್ವರ್ ಎಚ್ಚರವಾಗಿರಬೇಕು. ಅದೊಂದೇ ನಿಯಮ.

1990ರ ಕೊನೆಯಲ್ಲಿ ಯುರೋಪಿನ ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬುವರು ಪ್ರಪಂಚದ ಮೊದಲ ವೆಬ್ ಸರ್ವರನ್ನು ನಡೆಸಿದರು. ಅದು ಅವರ ಕೋಣೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರು. ಯಾರಾದರೂ ತಿಳಿಯದೆ ಸ್ವಿಚ್ ಆರಿಸಿಬಿಟ್ಟರೆ ಎಂದು ಹೆದರಿ, ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದ್ದರು. ಅಮೆರಿಕದಲ್ಲಿ 1996ರಲ್ಲಿ ಲ್ಯಾರಿ ಪೇಜ್, ಸರ್ಗೈ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿದರು. ಅದರೊಳಗೆ ಹತ್ತು ಹಾರ್ಡ್ ಡಿಸ್ಕುಗಳನ್ನು ಇಟ್ಟರು. ಮುಂದೆ ಗೂಗಲ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆದದ್ದು ಆ ಕೆಲಸವೇ. ಸರ್ವರ್ ಎಂದರೆ ಯಾವುದೋ ಅರಮನೆಯಂಥ ಯಂತ್ರ ಎಂದು ನೀವು ತಿಳಿಯಬಾರದೆಂದು ಇದನ್ನು ಹೇಳಿದೆ.

ಹಳೆಯ ಯಂತ್ರವನ್ನು ಕೆಲಸಕ್ಕೆ ಹಚ್ಚುವುದು ನಮ್ಮ ನೆರೆಯಲ್ಲಿಯೂ ನಡೆದಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆ ಗುರಪ್ಪನಪಾಳ್ಯದ ಸುದರ್ಶನ್ ಬಡಾವಣೆ ಎಂಬ ಕೊಳೆಗೇರಿಯಲ್ಲಿ ಯುವಕರು ಸೇರಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಎಂಬ ಕೇಂದ್ರ ತೆರೆದರು. ಬೇರೆಯವರು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ದಾನ ಪಡೆದು, ಅವುಗಳಿಗೆ ಗ್ನು-ಲಿನಕ್ಸ್ ಎಂಬ ಹಣ ಕೊಡದೆ ಸಿಗುವ ತಂತ್ರಾಂಶ ಹಾಕಿದರು. ಕೂಲಿಯವರ ಮಕ್ಕಳು ಅಲ್ಲಿ ಸಂಜೆ ಹೊತ್ತು ಕಲಿತರು, ಕಂಪ್ಯೂಟರಿನಲ್ಲಿ ಚಿತ್ರ ಬರೆದರು. ತುಮಕೂರಿನ ಸಮೀಪ ದೇವರಾಯನದುರ್ಗದ ಬೆಟ್ಟದ ಸುತ್ತ ಜನಸ್ತು ಎಂಬ ಸಂಸ್ಥೆಯವರು ಹಳ್ಳಿಯವರ ಜೊತೆಗೂಡಿ ಇನ್ನೊಂದು ಬಗೆಯ ಕೆಲಸ ಮಾಡಿದರು. ಮನೆಯಿಂದ ಮನೆಗೆ ನಿಸ್ತಂತು ಜಾಲ ಹಬ್ಬಿಸಿ, ಅಂಗೈಯಗಲದ ಸಣ್ಣ ಕಂಪ್ಯೂಟರುಗಳನ್ನೇ ಸರ್ವರ್ ಮಾಡಿ, ಊರವರೇ ದಾಖಲಿಸಿದ ಮಾತುಗಳನ್ನು ಊರವರೇ ಕೇಳುವಂತೆ ಮಾಡಿದರು. ಅದಕ್ಕೆ ನಮ್ಮ ಹಳ್ಳಿ ರೇಡಿಯೋ ಎಂದು ಹೆಸರಿಟ್ಟರು. ಕೇರಳದ ಕಾಸರಗೋಡಿನಲ್ಲಿ ನಿಮ್ಮಂತೆಯೇ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ಬಳಸುವುದೂ ಗ್ನು-ಲಿನಕ್ಸನ್ನೇ.

ಈಗ ನಮ್ಮ ಹಗೇವು ಕಟ್ಟೋಣ. ನೆನಪಿಡಿ, ಇದು ಮನೆಯ ಹಿರಿಯರೊಡನೆ ಕುಳಿತು ಮಾಡುವ ಕೆಲಸ.

ಹಳೆಯ ಕಂಪ್ಯೂಟರು ಎಂದರೆ ತೀರ ಹಳೆಯದು ಬೇಡ. 2010ರ ಆಸುಪಾಸಿನ ಅಥವಾ ಅದಕ್ಕಿಂತ ಈಚಿನದು ಸಾಕು. ಇಂದಿನ ತಂತ್ರಾಂಶಗಳಲ್ಲಿ ಹೆಚ್ಚಿನವು 64 ಬಿಟ್ ಎಂಬ ಬಗೆಯ ಯಂತ್ರವನ್ನು ಬೇಡುತ್ತವೆ; ಅದಕ್ಕಿಂತ ಹಿಂದಿನವು 32 ಬಿಟ್‌ನವು. ಅಂಥ ಯಂತ್ರಗಳು ಎಲ್ಲಿ ಸಿಗುತ್ತವೆ? ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಅದರ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಹೊಸ ತಂತ್ರಾಂಶವನ್ನು ಹೊರಲಾರದ ಎಷ್ಟೋ ಕಂಪ್ಯೂಟರುಗಳು ಅಂಗಡಿ, ಕಚೇರಿ, ಹೊಲಿಗೆ ಘಟಕಗಳಲ್ಲಿ ಮೂಲೆ ಸೇರುತ್ತಿವೆ. ಅವು ಕೆಟ್ಟಿಲ್ಲ, ಬೇಡವಾಗಿವೆ ಅಷ್ಟೆ. ಪರದೆ ಒಡೆದ ಲ್ಯಾಪ್‌ಟಾಪ್ ಕೂಡ ನಡೆಯುತ್ತದೆ. ಏಕೆಂದರೆ ಒಮ್ಮೆ ಸಜ್ಜಾದ ಮೇಲೆ ಸರ್ವರಿಗೆ ಪರದೆ ಬೇಡ, ಕೀಲಿಮಣೆ ಬೇಡ, ಮೌಸ್ ಬೇಡ. ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಮುಟ್ಟಬೇಡಿ, ತಿಳಿದವರಿಂದ ತೆಗೆಸಿಬಿಡಬೇಕು. ಅದು ಹೊತ್ತಿಕೊಳ್ಳಬಹುದು.

ಪೆಟ್ಟಿಗೆ ಬಿಚ್ಚುವ ಮೊದಲು ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು ಪಕ್ಕಕ್ಕಿಡಬೇಕು. ಬಿಚ್ಚಿದರೆ ಮೊದಲು ಕಾಣುವುದು ಧೂಳು! ಅನಂತಪುರ ಸೀಮೆ ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಒಂದು. ಇಲ್ಲಿನ ಕೆಂಪು ಧೂಳು ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂತಿರುತ್ತದೆ. ಧೂಳು ಕೂತರೆ ಗಾಳಿ ಆಡುವುದಿಲ್ಲ, ಗಾಳಿ ಆಡದಿದ್ದರೆ ಯಂತ್ರ ಕಾಯುತ್ತದೆ, ಕಾದ ಯಂತ್ರ ತಾನಾಗಿಯೇ ನಿಂತುಹೋಗುತ್ತದೆ. 'ಕೆಟ್ಟುಹೋಗಿದೆ' ಎಂದು ಎಸೆದ ಕೆಲವು ಕಂಪ್ಯೂಟರುಗಳ ರೋಗ ಇಷ್ಟೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಣ್ಣ ಹಚ್ಚುವ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಕೂಡದು.

ಒಳಗಿನ ಭಾಗಗಳನ್ನು ಒಂದು ಅಡುಗೆಮನೆಗೆ ಹೋಲಿಸಬಹುದು. ಫ್ಯಾನಿನ ಕೆಳಗೆ ಅಡಗಿ ಕೂತಿರುವ ಪ್ರೊಸೆಸರ್ ಅಡುಗೆ ಮಾಡುವವರು. ಬೆರಳುದ್ದದ ಹಸಿರು ಪಟ್ಟಿ ರ‍್ಯಾಮ್. ಅದು ಅಡುಗೆ ಕಟ್ಟೆ. ಆ ಹೊತ್ತಿಗೆ ಬೇಕಾದ ಸಾಮಾನು ಮಾತ್ರ ಅದರ ಮೇಲಿರುತ್ತದೆ, ಕರೆಂಟು ಹೋದರೆ ಕಟ್ಟೆ ಬರಿದು. ಹಾರ್ಡ್ ಡಿಸ್ಕ್ ಉಗ್ರಾಣ. ಕರೆಂಟು ಹೋದರೂ ಅಲ್ಲಿಟ್ಟದ್ದು ಅಲ್ಲಿಯೇ ಇರುತ್ತದೆ. ತಂತಿಗಳ ಗೊಂಚಲು ಹೊರಡುವ ತಗಡಿನ ಪೆಟ್ಟಿಗೆ ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12 ವೋಲ್ಟ್, 5 ವೋಲ್ಟ್‌ಗೆ ಇಳಿಸಿ ಕೊಡುತ್ತದೆ. ಈ ತಗಡಿನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಕೆಲಹೊತ್ತು ವಿದ್ಯುತ್ ಉಳಿದಿರುತ್ತದೆ. ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ದೊಡ್ಡ ಹಲಗೆ ಮದರ್‌ಬೋರ್ಡ್. ಅದರ ಮೇಲೆ ನಾಣ್ಯದಂಥ ಒಂದು ಬಿಲ್ಲೆ ಬ್ಯಾಟರಿ ಇದೆ. ಬಹುಕಾಲ ಬಿದ್ದಿದ್ದ ಕಂಪ್ಯೂಟರು ದಿನಾಂಕವನ್ನು ಮರೆತಿದ್ದರೆ ಆ ಬಿಲ್ಲೆ ಸತ್ತಿದೆ ಎಂದು ತಿಳಿಯಬೇಕು. ಗಡಿಯಾರದ ಅಂಗಡಿಯಲ್ಲಿ ಹೊಸದು ಸಿಗುತ್ತದೆ.

ಉಗ್ರಾಣದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಅವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕಾಂತದ ಗುರುತುಗಳಾಗಿ ನಿಮ್ಮ ಹಾಡು, ಚಿತ್ರಗಳು ಕೂತಿರುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಆದ್ದರಿಂದಲೇ ತಿರುಗುತ್ತಿರುವ ಡಿಸ್ಕನ್ನು ಅಲುಗಾಡಿಸಬಾರದು. 1956ರಲ್ಲಿ ಐಬಿಎಂ ಕಂಪನಿಯು ಮಾಡಿದ ಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅದರ ತೂಕ ಸುಮಾರು ಒಂದು ಟನ್. ಅಷ್ಟೆಲ್ಲ ಇದ್ದೂ ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 5 ಎಂಬಿ, ಎಂದರೆ ಇಂದಿನ ಲೆಕ್ಕದಲ್ಲಿ ಒಂದು ಹಾಡು!

ಹಳೆಯ ಕಂಪ್ಯೂಟರಿನಲ್ಲಿ 500 ಜಿಬಿಯ ಡಿಸ್ಕ್ ಇದ್ದರೆ ಅದರಲ್ಲಿ ಎಷ್ಟು ಹಿಡಿಯುತ್ತದೆ? ಸಾಧಾರಣ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು 1 ಎಂಬಿ ಬೇಕು. 1000 ಎಂಬಿ ಎಂದರೆ 1 ಜಿಬಿ. ಹಾಗಾದರೆ 500 ಜಿಬಿಗೆ 5 ಲಕ್ಷ ನಿಮಿಷ. ಅರವತ್ತರಿಂದ ಭಾಗಿಸಿದರೆ 8333 ಗಂಟೆ. ಇಪ್ಪತ್ನಾಲ್ಕರಿಂದ ಭಾಗಿಸಿದರೆ 347 ದಿನ. ಊರಿನ ಅಜ್ಜಿಯರೆಲ್ಲ ಹಗಲು ರಾತ್ರಿ ಸರದಿಯ ಮೇಲೆ ಹಾಡಿದರೂ ಒಂದು ವರ್ಷದ ಹತ್ತಿರ ಹತ್ತಿರ ಬೇಕು, ಈ ಹಗೇವು ತುಂಬಲು.

ಈಗ ತಂತ್ರಾಂಶ. ಹಳೆಯ ಡಿಸ್ಕಿನಲ್ಲಿ ಹಿಂದಿನವರ ಕಡತಗಳು ಇದ್ದರೆ ಅವರನ್ನು ಕೇಳಿ, ಬೇಕಾದುದನ್ನು ಅವರಿಗೆ ತೆಗೆದುಕೊಟ್ಟು, ಆಮೇಲೆ ಪೂರ್ತಿ ಅಳಿಸಬೇಕು. ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ. ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಡೆಬಿಯನ್ ಎಂಬುದು ಲಿನಕ್ಸಿನ ಒಂದು ಬಗೆ. ಇಂಟರ್ನೆಟ್ ಇರುವ ಕಡೆ ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು, ಹಳೆಯ ಕಂಪ್ಯೂಟರಿಗೆ ಚುಚ್ಚಿ, ಪೆನ್‌ಡ್ರೈವಿನಿಂದಲೇ ಚಾಲೂ ಮಾಡಬೇಕು. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ: ಭಾಷೆ ಯಾವುದು, ಊರಿನ ಸಮಯ ಯಾವುದು, ಗುಪ್ತಪದ ಏನು? ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯಬಹುದು. ಅವಸರ ಬೇಡ.

ಬಳಿಕ ಸಾಂಬಾ ಎಂಬ ಇನ್ನೊಂದು ತಂತ್ರಾಂಶ ಬೇಕು. ಲಿನಕ್ಸಿನ ಭಾಷೆ ಬೇರೆ, ವಿಂಡೋಸಿನ ಭಾಷೆ ಬೇರೆ. ನಡುವೆ ನಿಂತು ಕಡತಗಳನ್ನು ಹಂಚುವುದು ಸಾಂಬಾ. ತೆಲುಗು ಬಾರದ ನೆಂಟರಿಗೂ ಕನ್ನಡ ಬಾರದ ಅಂಗಡಿಯವರಿಗೂ ನಡುವೆ ನೀವು ನಿಂತು ಮಾತು ದಾಟಿಸುವುದಿಲ್ಲವೇ, ಹಾಗೆ. ಇದನ್ನು ಬರೆದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್. ಕೆಲಸ ತೊಡಗಿದ್ದು 1992ರ ಸುಮಾರಿಗೆ. ಯಂತ್ರಗಳಾಡುವ ಆ ಭಾಷೆಯ ಹೆಸರಿನಲ್ಲಿ ಎಸ್, ಎಂ, ಬಿ ಎಂಬ ಮೂರು ಅಕ್ಷರಗಳಿದ್ದವು. ಈ ಮೂರೂ ಬರುವ ಪದ ಯಾವುದೆಂದು ಅವರು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ ಸಾಂಬಾ ಸಿಕ್ಕಿತು. ಅದು ಬ್ರೆಜಿಲ್ ದೇಶದ ಒಂದು ಕುಣಿತದ ಹೆಸರು. ನಮ್ಮ ಸಾಂಬನಿಗೂ ಅದಕ್ಕೂ ಸಂಬಂಧವಿಲ್ಲ!

ಸರ್ವರನ್ನು ಮನೆಯ ವೈ-ಫೈ ರೌಟರಿಗೆ ಒಂದು ತಂತಿಯಿಂದ ಜೋಡಿಸಬೇಕು. ರೌಟರು ಮನೆಯ ಪ್ರತಿಯೊಂದು ಮೊಬೈಲಿಗೂ ಕಂಪ್ಯೂಟರಿಗೂ ಒಂದು ವಿಳಾಸ ಕೊಡುತ್ತದೆ, 192.168.1.10 ಎಂಬಂತೆ. ಅಂಚೆಯಣ್ಣನಿಗೆ ಮನೆ ನಂಬರು ಇದ್ದ ಹಾಗೆ. 192.168 ಎಂದು ಮೊದಲಾಗುವ ವಿಳಾಸಗಳು ಮನೆಯೊಳಗಿನ ಬಳಕೆಗೆಂದೇ ಮೀಸಲಾದವು. ಇಲ್ಲಿ ಒಂದು ಮಾತನ್ನು ಗಮನಿಸಿ. ಈ ಕೆಲಸಕ್ಕೆ ರೌಟರು ಬೇಕು, ಇಂಟರ್ನೆಟ್ ಬೇಕಾಗಿಲ್ಲ. ಹಾಡು ಮೂಲೆಯ ಸರ್ವರಿನಿಂದ ಹೊರಟು ರೌಟರಿನ ಮೂಲಕ ಅಕ್ಕನ ಮೊಬೈಲಿಗೆ ಬರುತ್ತದೆ. ಹೊಸ್ತಿಲು ದಾಟುವುದೇ ಇಲ್ಲ. ತಿಂಗಳ ಹಣ ಕಟ್ಟದೆ ಇಂಟರ್ನೆಟ್ ನಿಂತ ದಿನವೂ ಅಜ್ಜಿಯ ಹಾಡು ಕೇಳುತ್ತದೆ. ವೀಡಿಯೋಗಳನ್ನು ಟೀವಿಯಲ್ಲಿ ನೋಡಬೇಕಾದರೆ ಜೆಲ್ಲಿಫಿನ್ ಎಂಬ ತಂತ್ರಾಂಶವನ್ನೂ ಹಾಕಿಕೊಳ್ಳಬಹುದು. ಅದು ಚಿತ್ರಗಳನ್ನೂ ಹಾಡುಗಳನ್ನೂ ಅಂದವಾಗಿ ಜೋಡಿಸಿ ತೋರಿಸುತ್ತದೆ. ವೀಡಿಯೋ ಪೂರ್ತಿ ಬಂದ ಮೇಲೆ ನೋಡುವುದಲ್ಲ. ಕಾಲುವೆಯಲ್ಲಿ ನೀರು ಬಂದ ಹಾಗೆಲ್ಲ ಪಾತಿಗೆ ಬಿಡುತ್ತೇವಲ್ಲ, ಹಾಗೆ ಬಂದಷ್ಟು ಬಂದಷ್ಟು ನೋಡುತ್ತ ಹೋಗುವುದು. ಹಾಗೆಂದು ಯಾರೋ ಕದ್ದು ಹಂಚಿದ ಸಿನಿಮಾಗಳನ್ನು ಇದರಲ್ಲಿ ತುಂಬಬೇಡಿ.

ಖರ್ಚು ಎಷ್ಟು ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಹಳೆಯ ಮೇಜು ಕಂಪ್ಯೂಟರು ಸುಮ್ಮನೆ ಕೂತಿದ್ದರೂ 60 ವಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. 24 ಗಂಟೆಗೆ 1440 ವಾಟ್-ಗಂಟೆ, ಎಂದರೆ ಸುಮಾರು ಒಂದೂವರೆ ಯೂನಿಟ್. ತಿಂಗಳಿಗೆ 43 ಯೂನಿಟ್ ಆಯಿತು. ಇದು ಕಡಿಮೆಯೇನಲ್ಲ. ಸಂಜೆ ನಾಲ್ಕು ಗಂಟೆ ಮಾತ್ರ ಹಚ್ಚಿದರೆ ತಿಂಗಳಿಗೆ 7 ಯೂನಿಟ್ ಸಾಕು. 15 ವಾಟ್ ತಿನ್ನುವ ಹಳೆಯ ಲ್ಯಾಪ್‌ಟಾಪನ್ನು ಹಗಲಿರುಳು ಓಡಿಸಿದರೂ 11 ಯೂನಿಟ್ ದಾಟದು. ಲ್ಯಾಪ್‌ಟಾಪಿನ ಬ್ಯಾಟರಿ ಚೆನ್ನಾಗಿದ್ದರೆ ಇನ್ನೊಂದು ಅನುಕೂಲವುಂಟು. ನಮ್ಮಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಬರೆಯುತ್ತಿರುವಾಗ ಕರೆಂಟು ಹೋದರೆ ಆ ಕಡತ ಅರೆಬರೆಯಾಗುತ್ತದೆ. ಬ್ಯಾಟರಿಯಿದ್ದರೆ ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳಲು ಹೊತ್ತು ಸಿಗುತ್ತದೆ. ನನ್ನನ್ನು ಕೇಳಿದರೆ ನಮ್ಮ ಊರುಗಳಿಗೆ ಲ್ಯಾಪ್‌ಟಾಪೇ ಸರಿ.

ತುಂಬುವಾಗ ಹೆಸರಿಡುವುದು ಯಂತ್ರ ಜೋಡಿಸುವುದಕ್ಕಿಂತ ಮುಖ್ಯವಾದ ಕೆಲಸ. ಮಡಕಶಿರಾ ಸೀಮೆಯ ಅಮರಾಪುರದ ಬಳಿ ಹೇಮಾವತಿ ಎಂಬ ಊರಿದೆ. ಆ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹೇಮಾವತಿಯ ಹಳೆಯ ಹೆಸರು ಹೆಂಜೇರು. ಸಾವಿರ ವರ್ಷಗಳ ಹಿಂದೆ ನೊಳಂಬ ಅರಸರ ರಾಜಧಾನಿ. ಆ ಕಾಲದ ಕನ್ನಡ ಶಾಸನಗಳನ್ನು ನೋಡಿದರೆ ಯಾವ ಅರಸನ ಕಾಲ, ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನು ಕೊಟ್ಟರು ಎಂದು ಕೆತ್ತಿಸಿರುತ್ತಾರೆ. ಹೆಸರು, ಕಾಲ ಇದ್ದುದರಿಂದಲೇ ಆ ಕಲ್ಲು ಇಂದು ಮಾತನಾಡುತ್ತದೆ. ನಿಮ್ಮ ಕಡತಕ್ಕೆ ಮೊಬೈಲು ತಾನಾಗಿ ಕೊಟ್ಟ ಅಂಕಿಗಳ ಹೆಸರು ಇದ್ದರೆ ಹತ್ತು ವರ್ಷದ ಮೇಲೆ ಅದು ಯಾರ ಧ್ವನಿಯೆಂದು ಯಾರಿಗೂ ಗೊತ್ತಾಗದು. ಹಾಡಿದವರು, ಊರು, ವರ್ಷ, ಯಾವ ಸಂದರ್ಭದ ಪದ, ಇಷ್ಟನ್ನಾದರೂ ಹೆಸರಿನಲ್ಲಿ ಬರೆಯಿರಿ. ಕನ್ನಡದಲ್ಲಿಯೇ ಬರೆಯಬಹುದು. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರಿಂದಲೂ ಕನ್ನಡದ ಅಕ್ಷರಗಳಿಗೆ ತಮ್ಮದೇ ಅಂಕಿಗಳಿವೆ. ಲಿನಕ್ಸು ಅವನ್ನು ಅರಿಯುತ್ತದೆ. ವರ್ಷವನ್ನು ಮೊದಲು ಬರೆದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಾಖಲಿಸುವ ಮೊದಲು ಅಜ್ಜಿಯನ್ನು ಕೇಳಿ. ಕೆಲವು ಪದಗಳನ್ನು ಹೊರಗಿನವರಿಗೆ ಕೇಳಿಸಬಾರದು ಎಂದು ಅವರು ಹೇಳಬಹುದು, ಅದೂ ನ್ಯಾಯವೇ.

ಕಲ್ಲಿಗೂ ಡಿಸ್ಕಿಗೂ ದೊಡ್ಡ ವ್ಯತ್ಯಾಸವಿದೆ. ಹೆಂಜೇರಿನ ಕಲ್ಲು ಬಿಸಿಲು, ಮಳೆಯಲ್ಲಿ ಸಾವಿರ ವರ್ಷ ನಿಂತಿದೆ. ಹಾರ್ಡ್ ಡಿಸ್ಕು ಕೆಲವು ವರ್ಷ ನಡೆದು ಒಂದು ದಿನ ನಿಲ್ಲುತ್ತದೆ. ಅದೂ ಹಳೆಯ ಡಿಸ್ಕು! ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿದರೆ, ಕಡತ ತೆರೆಯಲು ತಡವಾಗತೊಡಗಿದರೆ ಅದರ ಕಾಲ ಮುಗಿಯುತ್ತ ಬಂದಿದೆ. ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ನಿಂತುಬಿಡುತ್ತದೆ. ಆದ್ದರಿಂದ ಒಂದೇ ಹಗೇವನ್ನು ನಂಬಬಾರದು. ಮೂರು ಪ್ರತಿ ಇರಲಿ: ಒಂದು ಸರ್ವರಿನಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ, ಮೂರನೆಯದು ಬೇರೆ ಮನೆಯಲ್ಲಿ. ಸೋದರಮಾವನ ಮನೆಯ ಬೀರುವಿನಲ್ಲಿ ಒಂದು ಡಿಸ್ಕ್ ಇದ್ದರೆ ನಮ್ಮ ಮನೆಗೆ ಸಿಡಿಲು ಹೊಡೆದರೂ ಹಾಡು ಉಳಿಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ತಾನಾಗಿ ಬರುವಂತೆ ಮಾಡುವವರಿದ್ದಾರೆ. ಅದು ಒಳ್ಳೆಯದೇ. ಆದರೆ ತಮ್ಮ ಆಟವಾಡುತ್ತ ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿಯೂ ಅಳಿದುಹೋಗುತ್ತದೆ ಎಂಬುದು ನೆನಪಿರಲಿ.

ಯಂತ್ರದಲ್ಲಿ ಬಳಸದೆ ಉಳಿದ ಭಾಗಗಳನ್ನು ತಿಪ್ಪೆಗೆ ಎಸೆಯಬೇಡಿ, ತಾಮ್ರಕ್ಕಾಗಿ ತಂತಿ ಸುಡಬೇಡಿ. ಹಳೆಯ ಬೆಸುಗೆಯಲ್ಲಿ ಸೀಸವಿದೆ, ಕೆಲವು ಹಳೆಯ ಪರದೆಗಳಲ್ಲಿ ಪಾದರಸವಿದೆ, ಸುಟ್ಟ ಹೊಗೆ ಎದೆಗೆ ಕೆಡುಕು. ಇಂಥ ಕಸಕ್ಕಾಗಿ ನಮ್ಮ ದೇಶದಲ್ಲಿ 2011ರಲ್ಲಿ ನಿಯಮಗಳು ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಈ ಕಸವು ನೋಂದಾಯಿತ ಮರುಬಳಕೆ ಘಟಕಗಳಿಗೆ ಹೋಗಬೇಕು.

ಎಲ್ಲ ಜೋಡಿಸಿಯಾದ ಮೇಲೆ ಯಂತ್ರವನ್ನು ಧೂಳು ಕಡಿಮೆ ಇರುವ, ಗಾಳಿಯಾಡುವ ಕಡೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಇಡಿ. ಮೇಲೆ ಬಟ್ಟೆ ಹೊದಿಸಬೇಡಿ. ಪಕ್ಕದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ 'ಆರಿಸಬೇಡಿ' ಎಂದು ಒಂದು ಚೀಟಿ ಅಂಟಿಸಿ. ಮನೆಗೆ ನೆಂಟರು ಬಂದಾಗ ಚಾರ್ಜರ್ ಚುಚ್ಚಲು ಮೊದಲು ಕೈ ಹಾಕುವುದು ಆ ಪ್ಲಗ್ಗಿಗೇ.